ಆಪರೇಷನ್‌ಗೆ ಮುಂಚೆ ಐದು ಹಾಡು

"ಈ ಮೈಕ್ ನಿಮಗೆ ಕೊಡಲ್ಲ ಮೇಡಂ."

ಅವಳು ಸರಕ್ಕನೆ ತಲೆಯೆತ್ತಿದಳು. ಕೌಂಟರಿನ ಆಚೆ ನಿಂತಿದ್ದ ಅಂಗಡಿಯವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

"ಯಾಕೆ? ದೊಡ್ಡ ಗಾಯಕಿಯರಿಗೆ ಮಾತ್ರನಾ?"

"ಅದಲ್ಲ. ರೆಕಾರ್ಡಿಂಗ್ ಎಲ್ಲಿ ಮಾಡ್ತೀರಿ?"

"ಮನೇಲಿ, ನನ್ನ ರೂಮಲ್ಲಿ."

"ಕಿಟಕಿ ಆಚೆ ಏನಿದೆ?"

"ಬಸ್‌ಸ್ಟಾಪ್."

"ಹಾಗಾದ್ರೆ ಇದು ನಿಮ್ಮ ಹಾಡಿನ ಜೊತೆ ಬಸ್ಸಿನ ಹಾರ್ನೂ ಹಿಡಿಯುತ್ತೆ. ಪಕ್ಕದ ಮನೆಯವರು ಸೀನಿದ್ರೂ ಬಿಡಲ್ಲ!" ಅವನು ಕಪ್ಪಗಿನ, ನೋಡಲು ಏನೂ ಅಲ್ಲದ ಇನ್ನೊಂದು ಮೈಕನ್ನು ತೆಗೆದಿಟ್ಟ. "ಇದಕ್ಕೆ ದೂರದ್ದು ಅಷ್ಟಾಗಿ ಕೇಳ್ಸಲ್ಲ. ಬಾಯಿ ಹತ್ರ ಇಟ್ಕೊಂಡು ಹಾಡ್ಬೇಕು, ಅಷ್ಟೇ."

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಜಗಳಕ್ಕೆ ಸಮಯವಿರಲಿಲ್ಲ.

"ಇದೇ ಕೊಡಿ. ಮನೆಗೆ ಬಂದು ಎಲ್ಲ ಜೋಡಿಸಿಕೊಡ್ಬೇಕು. ಇವತ್ತೇ!"

"ಅಂಥದ್ದೇನ್ರೀ ಅವಸರ?"

ಅವಳು ಕುತ್ತಿಗೆಗೆ ಸುತ್ತಿದ್ದ ದುಪಟ್ಟಾವನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

ಆ ದುಪಟ್ಟಾದ ಮರೆಯಲ್ಲಿ, ಅವಳ ಕುತ್ತಿಗೆಯಲ್ಲಿ ಒಂದು ಗಂಟು ಬೆಳೆದಿತ್ತು. ಮುಂದಿನ ಸೋಮವಾರ ಆಪರೇಷನ್. "ಧ್ವನಿಯ ನರ ಪಕ್ಕದಲ್ಲೇ ಇದೆ. ಹುಷಾರಾಗಿ ಮಾಡ್ತೀವಿ, ಆದ್ರೆ ಗ್ಯಾರಂಟಿ ಕೊಡೋಕಾಗಲ್ಲ" ಎಂದಿದ್ದರು ಡಾಕ್ಟರ್. ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಟೀಚರ್ ಅವಳು. ತಾನೇ ಬರೆದು ರಾಗ ಹಾಕಿದ ಐದು ಹಾಡುಗಳು ಅವಳ ಗಂಟಲಲ್ಲಿ ಮಾತ್ರ ಇದ್ದವು. ಗಂಟಲೇ ಕೈಕೊಟ್ಟರೆ...?

ಅಂದು ಮಧ್ಯಾಹ್ನವೇ ಅವನು ಬಂದ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆಸಿದ. ಅವಳ ಅತ್ತಿಗೆಯಿಂದ ದಪ್ಪ ರಜಾಯಿಗಳನ್ನು ಕೇಳಿ ಪಡೆದು ಕಿಟಕಿಗೂ ಗೋಡೆಗೂ ತೂಗುಹಾಕಿದ.

"ಏನಮ್ಮಾ ಇದು, ದೋಬಿಖಾನೆ ಇಟ್ಟಿದ್ದೀರಾ?" ಅಣ್ಣ ಇಣುಕಿ ನೋಡಿ ನಕ್ಕ.

"ದನಿ ಗೋಡೆಗೆ ಬಡಿದು ವಾಪಸ್ ಬರಬಾರದು ಸರ್" ಎನ್ನುತ್ತ ಅವನು ಮೈಕನ್ನು ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಒಂದು ಪುಟ್ಟ ಪೆಟ್ಟಿಗೆಗೆ, ಪೆಟ್ಟಿಗೆಯನ್ನು ಅವಳ ಹಳೆಯ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಸ್ಟುಡಿಯೋದವರು ಬಳಸುವ ಭಾರೀ ಸಾಫ್ಟ್‌ವೇರೇ ಬೇಕೆಂದು ಅವಳು ಹಟ ಹಿಡಿದಳು.

"ಅದನ್ನ ಕಲಿಯೋಕೆ ತಿಂಗಳುಗಟ್ಟಲೆ ಬೇಕು. ನಿಮ್ಮ ಲ್ಯಾಪ್‌ಟಾಪ್ ಅದನ್ನ ಎಳೆಯೋದೂ ಇಲ್ಲ. ಈ ಪುಕ್ಕಟೆದೇ ಸಾಕು. ಕೆಂಪು ಬಟನ್ ಒತ್ತಿ, ಹಾಡಿ."

ಹೆಡ್‌ಫೋನ್ ಹಾಕಿಕೊಂಡು ಹಾಡತೊಡಗಿದಳು. ಮರುಕ್ಷಣ ಮುಖ ಬಿಳಿಚಿಕೊಂಡಿತು. ಅವಳ ದನಿ ಅವಳಿಗೇ ತಡವಾಗಿ ಕೇಳುತ್ತಿತ್ತು!

"ನನ್ನ ಗಂಟಲು... ಏನಾಯ್ತು ನನ್ನ ಗಂಟಲಿಗೆ?"

"ಗಂಟಲಿಗೆ ಏನೂ ಆಗಿಲ್ಲ ರೀ, ಕಂಪ್ಯೂಟರ್ ನಿಧಾನ. ಒಂದ್ನಿಮಿಷ." ಪೆಟ್ಟಿಗೆಯ ಮೇಲಿನ ಗುಂಡಿಯೊಂದನ್ನು ತಿರುಗಿಸಿದ. ದನಿ ನೆಟ್ಟಗಾಯಿತು. ಆದರೆ ಅವಳ ಕಣ್ಣಲ್ಲಿ ಕಂಡ ಭಯವನ್ನು ಅವನು ಮರೆಯಲಿಲ್ಲ.

ದಿನಾ ಸಂಜೆ ಅಂಗಡಿ ಮುಚ್ಚಿ ಅವನು ಬರುತ್ತಿದ್ದ. "ಇಲ್ಲಿ ಉಸಿರು ಸಾಲಲಿಲ್ಲ. ಇನ್ನೊಂದ್ಸಲ" ಎಂದು ಮುಲಾಜಿಲ್ಲದೆ ಹೇಳುತ್ತಿದ್ದ. ಅವಳು ಗೊಣಗುತ್ತಲೇ ಹಾಡುತ್ತಿದ್ದಳು. ಬರಬರುತ್ತಾ ಅವನ ಸ್ಕೂಟರಿನ ಸದ್ದಿಗೇ ಕಿವಿ ನೆಟ್ಟಿರುತ್ತಿದ್ದಳು... ಇದೇನಾಗುತ್ತಿದೆ ನನಗೆ? ಈಗಲೇ ಆಗಬೇಕಿತ್ತಾ?

ಶನಿವಾರ ಅವನು ಬದಲಾಗಿದ್ದ. ಏನು ಹಾಡಿದರೂ "ಚೆನ್ನಾಗಿದೆ". ಅವಳಿಗೆ ಅನುಮಾನ ಬಂತು. ಬೇಕೆಂದೇ ಒಂದು ಸಾಲನ್ನು ಅಪಸ್ವರದಲ್ಲಿ ಹಾಡಿದಳು.

"ತುಂಬಾ ಚೆನ್ನಾಗಿ ಬಂತು" ಎಂದ ಅವನು, ನೆಲ ನೋಡುತ್ತ.

ಅವಳು ಹೆಡ್‌ಫೋನ್ ಕಿತ್ತಿಟ್ಟಳು. "ಆಪರೇಷನ್ ವಿಷಯ ಯಾರು ಹೇಳಿದ್ರು ನಿಮಗೆ?"

ಅವನು ಮೈಕಿನ ವೈರನ್ನು ಸುತ್ತತೊಡಗಿದ.

"ಯಾರು ಹೇಳಿದ್ರು ಅಂದೆ!"

"ನಿಮ್ಮ ಅತ್ತಿಗೆ..."

"ಅಯ್ಯೋ ಪಾಪ ಅನ್ನಿಸ್ತಾ? ಕನಿಕರ ತೋರಿಸೋಕೆ ಮನೆ ತುಂಬಾ ಜನ ಇದ್ದಾರೆ. ನನಗೆ ನಿಜ ಹೇಳೋರು ನೀವೊಬ್ಬರೇ ಇದ್ರಿ... ಹೋಗಿ!"

ಅವನು ಎದ್ದು ಹೊರಟುಹೋದ. ಅವಳು ರಜಾಯಿಯಲ್ಲಿ ಮುಖ ಹುದುಗಿಸಿ ಬಿಕ್ಕಿದಳು.

ಭಾನುವಾರ ಬೆಳಿಗ್ಗೆ ಅವಳೇ ಕೆಂಪು ಬಟನ್ ಒತ್ತಿದಳು. ಐದನೇ ಹಾಡು ಅರ್ಧದಲ್ಲೇ ಮುರಿದುಬಿತ್ತು. ಮತ್ತೆ ಹಾಡಿದಳು. ಮತ್ತೆ ಮುರಿಯಿತು. ಸಂಜೆಗೆ ಆಸ್ಪತ್ರೆ ಸೇರಬೇಕು!

ಬಾಗಿಲಲ್ಲಿ ಅವನು ನಿಂತಿದ್ದ. ಕಣ್ಣುಗಳು ಕೆಂಪಾಗಿದ್ದವು.

"ನಿನ್ನೆ ಹೇಳಿದ್ದೆಲ್ಲ ಸುಳ್ಳು. ನಾಲ್ಕನೇದರ ಕೊನೇ ಚರಣ ಚೆನ್ನಾಗಿಲ್ಲ. ಒಳಗೆ ಬರಲಾ?"

ಅವಳು ಪಕ್ಕಕ್ಕೆ ಸರಿದಳು. "ಯಾಕೆ ಸುಳ್ಳು ಹೇಳಿದ್ರಿ?"

"ಕನಿಕರಕ್ಕಲ್ಲ ರೀ. ಭಯಕ್ಕೆ. ಆಪರೇಷನ್ ಅಂತ ಕೇಳಿದ್ಮೇಲೆ ನಿಮ್ಮ ಹಾಡೇ ಕಿವಿಗೆ ಬೀಳ್ಲಿಲ್ಲ. ಈ ಹಾಡು ಮುಗಿದ್ರೆ ಇಲ್ಲಿಗೆ ಬರೋಕೆ ನನಗೆ ನೆಪ ಇರಲ್ಲ. ನಿಮಗೇನಾದ್ರೂ ಆಗ್ಬಿಟ್ರೆ..." ಅವನು ಮುಖ ಉಜ್ಜಿಕೊಂಡ. "ತಲೆ ಓಡ್ಲಿಲ್ಲ. ಬಾಯಿಗೆ ಬಂದದ್ದು ಹೇಳ್ಬಿಟ್ಟೆ."

ಅವಳು ಮೈಕಿನ ಮುಂದೆ ಕೂತಳು. ಆ ದಿನ ಅವನು ಒಂದು ಅಪಸ್ವರವನ್ನೂ ಬಿಡಲಿಲ್ಲ. ಅಣ್ಣ ಕಾರಿನ ಕೀ ಹಿಡಿದು ಬರುವಷ್ಟರಲ್ಲಿ ಐದೂ ಹಾಡು ಮುಗಿದಿದ್ದವು.

ಸೋಮವಾರ ಆಪರೇಷನ್ ನಡೆಯುವಷ್ಟು ಹೊತ್ತೂ ಗಡಿಯಾರದ ಮುಳ್ಳೇ ನಿಂತುಬಿಟ್ಟಂತಿತ್ತು. ಡಾಕ್ಟರ್ ಹೊರಬಂದು, "ಗಂಟು ಕೆಟ್ಟದ್ದಲ್ಲ ಅನ್ಸುತ್ತೆ. ನರಕ್ಕೂ ಏನೂ ಆಗಿಲ್ಲ. ದನಿ ಕೆಲವು ದಿನ ಒಡೆದಿರುತ್ತೆ, ಆಮೇಲೆ ಕಾದು ನೋಡೋಣ" ಎಂದಾಗ ಅತ್ತಿಗೆ ಕುರ್ಚಿಯಲ್ಲಿ ಕುಸಿದು ಅತ್ತಳು. ಆಮೇಲೆ ಮೂಲೆಯಲ್ಲಿ ನಿಂತಿದ್ದವನನ್ನು ನೋಡಿ, "ನೀವೇ ಮೊದಲು ಹೋಗಿ ಬನ್ನಿ. ನಾವು ಕಾಫಿ ಕುಡ್ಕೊಂಡು ಬರ್ತೀವಿ" ಎಂದು ಗಂಡನ ತೋಳು ಹಿಡಿದು ಎಳೆದುಕೊಂಡು ಹೋದಳು.

ಕುತ್ತಿಗೆಗೆ ಬ್ಯಾಂಡೇಜ್ ಸುತ್ತಿಕೊಂಡು ಅವಳು ಕಣ್ಣು ತೆರೆದಿದ್ದಳು. ಅವನು ಮಂಚದ ಅಂಚಿನಲ್ಲಿ ಕೂತ.

"ಮಾತಾಡ್ಬೇಡಿ. ನಾನೊಂದು ಕೇಳ್ತೀನಿ, ತಲೆ ಆಡಿಸಿದ್ರೆ ಸಾಕು." ಹತ್ತಿರಕ್ಕೆ ಸರಿದ. "ದನಿ ಮೊದಲಿನ ಹಾಗೆ ಬರಲಿ, ಬರದೇ ಇರಲಿ... ನನಗೆ ನೀವು ಬೇಕು. ನನ್ನ ಮದುವೆ ಆಗ್ತೀರಾ?"

ಅವಳು ತಲೆಯಾಡಿಸಲಿಲ್ಲ. ಅವನ ಮುಖ ಬಾಡಿತು.

ಆಗ ತುಟಿ ಅಲುಗಿತು. ಒಡೆದ, ಗಾಳಿಯಷ್ಟೇ ಇದ್ದ ದನಿಯೊಂದು ಹೊರಬಂತು.

"ಹೂಂ..."

ಅವನ ಕಣ್ಣುಗಳು ತುಂಬಿದವು. "ತಲೆ ಆಡಿಸಿದ್ರೆ ಸಾಕು ಅಂದೆ ತಾನೇ!"

"ಇದನ್ನ... ದನೀಲೇ ಹೇಳ್ಬೇಕು ಅನ್ನಿಸ್ತು."

"ಸುಮ್ನಿರು, ನೋವಾಗುತ್ತೆ" ಎಂದು ಅವಳ ಕೈಯನ್ನು ಕೆನ್ನೆಗೊತ್ತಿಕೊಂಡ.

ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿತ್ತು. "ಇನ್ನೊಂದು ಸಲ... ಹಾಗೇ ಕರಿ" ಎಂದು ಪಿಸುಗುಟ್ಟಿದಳು.