ತೆವಳಿದ ‘ಅರಿಶಿನ’ದ ಪ್ರಕರಣ

ಗುಂಡ್ಲುಪೇಟೆಯ ಟೈಪಿಂಗ್ ಅಂಗಡಿಗಳಲ್ಲಿ ಆ ತಿಂಗಳು ಕಂಪ್ಯೂಟರ್ ಎಷ್ಟು ನಿಧಾನವಾಗಿತ್ತೆಂದರೆ, ‘ಕ’ ಒತ್ತಿ ಎದ್ದುಹೋಗಿ, ಹುರುಳಿ ಬಿತ್ತಿ, ಕಿತ್ತು, ಬಡಿದು, ಸಾರು ಕಾಯಿಸಿ ಉಂಡು ಬಂದರೂ ಪರದೆಯ ಮೇಲೆ ತಲೆಕಟ್ಟು ಮಾತ್ರ ಮೂಡಿರುತ್ತಿತ್ತು. ನಂಬದವರು ಆಟೋ ಶಂಕರನನ್ನು ಕೇಳಬಹುದು. ಅವನು ಇದಕ್ಕಿಂತ ಹೆಚ್ಚು ಹೇಳುತ್ತಾನೆ.

ಶಂಕರ ಚಾಮರಾಜನಗರದ ನಿವೃತ್ತ ಗಣಿತದ ಟೀಚರು ಗುರುಮಲ್ಲಮ್ಮನವರ ಬಲಗೈ. ಗುರುಮಲ್ಲಮ್ಮ ಹಿಡಿದ ಕಳ್ಳರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಬಂಡೀಪುರ ದಾಟುತ್ತದೆ. ಅದರಲ್ಲಿ ಅರ್ಧ ಜನರನ್ನು ತಾನೇ ಹಿಡಿದದ್ದೆಂಬುದು ಶಂಕರನ ಲೆಕ್ಕ. ಅವನು ಗಣಿತದಲ್ಲಿ ಫೇಲಾದದ್ದು ಅವರ ಕೈಯಲ್ಲೇ.

ಹಂಗಳದ ಶಶಿರೇಖಾ ಗುರುಮಲ್ಲಮ್ಮನವರ ಜಗಲಿಯ ಮೇಲೆ ಬಂದು ಕೂತಾಗ ಅವಳ ಕಣ್ಣು ಕೆಂಪಗಿತ್ತು.

“ಮಿಸ್, ನನ್ನ ಅರಿಶಿನವ ಸಾಯಿಸ್ತಾವ್ರೆ.”

“ಬೆಳೆಗೆ ರೋಗವಾ?” ಎಂದ ಶಂಕರ.

“ಬೆಳೆಯಲ್ಲ ಕಣಣ್ಣ, ಪ್ಯಾಕೇಜು!”

‘ಹಲಗೆ’ ಎಂಬುದು ಕನ್ನಡದಲ್ಲಿ ಬರೆಯುವ ತಂತ್ರಾಂಶ. ಅದರೊಳಗೆ ಕಾಗುಣಿತ ತಿದ್ದುವ ಪ್ಯಾಕೇಜು ‘ಅರಿಶಿನ’. ಅದನ್ನು ಕಟ್ಟಿ ನೋಡಿಕೊಳ್ಳುತ್ತಿದ್ದವರು ಇಬ್ಬರೇ: ಶಶಿರೇಖಾ, ಮತ್ತು ಗುಂಡ್ಲುಪೇಟೆಯಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ ಶಾಂತರಾಜು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪದೆ ಒಂದು ಚುಕ್ಕಿಯೂ ಒಳಗೆ ಹೋಗಬಾರದು ಎಂಬುದು ಅವರು ಹಾಕಿಕೊಂಡ ಕಟ್ಟು.

“ಕೋರ್‌ನಲ್ಲೇ ಅಂದ್ರೆ ಹಲಗೆಯ ಬುಡದಲ್ಲೇ ದೋಷ ಅಂತಾನೆ ಶಾಂತಣ್ಣ. ಬರೆಯೋರು ಕಾಯದಂಗೆ, ಪ್ಯಾಕೇಜು ತನ್ನ ಕೆಲ್ಸವ ಹಿಂದ್ಗಡೆ ಮಾಡ್ಕಳಕ್ಕೆ ಒಂದು ಹೊಸ ಸೌಲಭ್ಯ ಬೇಕು ಅಂತ ಅವ್ನೇ ಅರ್ಜಿ ಹಾಕ್ದ. ಕೋರ್ ನೋಡ್ಕಳೋ ಸೋಮೇಶ್ ಸರ್, ನಿಧಾನ ಯಾಕಾಯ್ತು ಅಂತ ಮೊದ್ಲು ಹೇಳಿ, ಇಲ್ದಿದ್ರೆ ಭಾನುವಾರ ಅರಿಶಿನವನ್ನೇ ಕಿತ್ತಾಕ್ತೀನಿ ಅಂದ್ಬುಟ್ರು. ಆ ಜಾಗಕ್ಕೆ ಭಾನು ಅನ್ನೋಳ ಪ್ಯಾಕೇಜು ಕಾಯ್ತಾ ಅದೆ.”

“ನಿನ್ನ ಅನುಮಾನ?”

“ಭಾನು. ಇಲ್ದಿದ್ರೆ ಸೋಮೇಶ್ ಸರ್. ಶಾಂತಣ್ಣ ಒಬ್ಬ ಇಲ್ದಿದ್ರೆ ನಾನು ಯಾವತ್ತೋ ಕೈ ಬುಡ್ತಿದ್ದೆ ಮಿಸ್.”

“ನಡೀಲಾ ಶಂಕರ, ಪೇಟೆಗೆ ಹೋಗನ,” ಎಂದರು ಗುರುಮಲ್ಲಮ್ಮ.

ಆಟೋ ಗಾಳಿಗಿಂತ ಮುಂಚೆ ಗುಂಡ್ಲುಪೇಟೆ ಸೇರಿತು. ಅಂಗಡಿಯಲ್ಲಿ ಶಾಂತರಾಜು ಇವರ ಕಡೆ ಬೆನ್ನು ಮಾಡಿ ತನ್ನ ತಂಗಿಯ ಮದುವೆ ಕಾರ್ಡು ಟೈಪ್ ಮಾಡುತ್ತಿದ್ದ. ಬೆರಳುಗಳು ತಮಟೆ ಬಡಿದಂತೆ ಓಡುತ್ತಿದ್ದವು. ಮುಗಿಸಿ, ಗೋಡೆಯ ಮೊಳೆಗೆ ನೇತುಹಾಕಿದ್ದ ನೀಲಿ ವೈರನ್ನು ಕಂಪ್ಯೂಟರಿಗೆ ಸಿಕ್ಕಿಸಿ ತಿರುಗಿದಾಗಲೇ ಅವನಿಗೆ ಇವರು ಕಂಡದ್ದು.

“ಬನ್ನಿ ಮಿಸ್! ನೋಡಿ ನಮ್ಮ ಪಾಡ,” ಎಂದು ಗಿರಾಕಿಯೊಬ್ಬರ ಅರ್ಜಿ ತೆರೆದು ನಾಲ್ಕು ಪದ ಒತ್ತಿದ. ಪರದೆ ಕಲ್ಲಾಯಿತು. ಶಂಕರನ ಗಡ್ಡ ಒಂದು ಗೇಣು ಬೆಳೆಯಿತು.

“ಕಾರ್ಡೂ ಅರಿಶಿನದಲ್ಲೇ ಮಾಡಿದ್ದಾ?” ಎಂದರು ಗುರುಮಲ್ಲಮ್ಮ.

“ಅದರಲ್ಲೇ ಮಿಸ್. ನಮ್ಮದನ್ನ ನಾವು ಬುಟ್ಟೇವಾ?”

ಅವರು ಆ ಅರ್ಜಿಯನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹಂಗಳಕ್ಕೆ ಹೋದರು. ಕಾಡಂಚಿನ ಶಶಿರೇಖಾಳ ಮನೆಯಲ್ಲಿ ಫೋನು ಬರೀ ಗಡಿಯಾರ. ಸಿಗ್ನಲ್ ಬೇಕಾದರೆ ಹಿತ್ತಿಲ ಬಂಡೆ ಹತ್ತಬೇಕು. ಅಲ್ಲಿ ಅದೇ ಅರ್ಜಿ, ಅದೇ ಅರಿಶಿನ, ಜಿಂಕೆಯಂತೆ ಓಡಿತು.

“ಕಾಡಿನ ಗಾಳಿ ಕಣಮ್ಮಿ, ಕಂಪ್ಯೂಟರಿಗೂ ಒಳ್ಳೇದು,” ಎಂದು ಶಂಕರ ಪ್ರಕರಣವನ್ನು ಬಿಡಿಸಿಯೇಬಿಟ್ಟ.

ಗುರುಮಲ್ಲಮ್ಮ ಬಂಡೆಯನ್ನೇ ನೋಡುತ್ತಿದ್ದರು. “ಶಾಂತರಾಜು ಬರೆದದ್ದನ್ನ ನೀನು ಎಲ್ಲಿ ಕೂತು ನೋಡ್ತೀಯೆ?”

ಶಶಿರೇಖಾ ತಲೆ ತಗ್ಗಿಸಿದಳು. “ಅದ ಇಳಿಸ್ಕಳಕ್ಕೆ ಬಂಡೆ ಮೇಲೆ ಬಾಳ ಹೊತ್ತು ನಿಲ್ಬೇಕು ಮಿಸ್. ಈಚೀಚೆಗೆ ಸುಮ್ನೆ ಫೋನ್ ಮಾಡಿ, ನೀನು ನೋಡುದ್ರೆ ನಾನು ನೋಡ್ದಂಗೆ, ಒಳಕ್ಕಾಕ್ಬುಡಣ್ಣ ಅಂತಿದ್ದೆ.”

ಭಾನುವಾರ ಗುರುಮಲ್ಲಮ್ಮ ಎಲ್ಲರನ್ನೂ ತಮ್ಮ ಜಗಲಿಗೆ ಕರೆಸಿ, ಶಶಿರೇಖಾಳ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ವೈರು ಸಿಕ್ಕಿಸಿ ಇಟ್ಟಿದ್ದರು. ಸೋಮೇಶ್ ಗಂಟುಮೋರೆ ಹಾಕಿ ಕೂತಿದ್ದರು. ಭಾನು ಬಂದವಳೇ, “ನನ್ನ ಯಾಕೆ ಕರೆದ್ರಿ? ಬೇರೆಯವರ ಹೊಲಕ್ಕೆ ನಾನು ದನ ಬಿಡೋಳಲ್ಲ,” ಎಂದಳು. ಶಾಂತರಾಜು ಶಶಿರೇಖಾಳ ಪಕ್ಕದಲ್ಲಿ ಕೂತು ಮೆಲ್ಲಗೆ, “ಹೆದರ್ಕಬೇಡ ಕಣಮ್ಮಿ, ನಾನಿವ್ನಿ,” ಎಂದ.

“ಅವಳು ಬಿಡೋಳಲ್ಲ, ನಿಜ,” ಎಂದರು ಗುರುಮಲ್ಲಮ್ಮ. “ಅರಿಶಿನದೊಳಗೆ ಕೈ ಹಾಕೋ ಹಕ್ಕು ಇಬ್ಬರಿಗೇ. ಇನ್ನು ಕೋರ್: ಭಾನು ಪ್ಯಾಕೇಜೂ ಅದೇ ಕೋರ್ ಮೇಲೆ ಕೂತು ಚೆನ್ನಾಗಿ ಓಡ್ತದೆ. ಹಾಗಾದರೆ ರೋಗ ಅರಿಶಿನದ ಒಳಗೇ ಅದೆ. ಶಂಕರ, ವೈರ್ ಕೀಳು.”

ಶಂಕರ ಆನೆಯ ದಂತ ಕೀಳುವವನಂತೆ ಇಂಟರ್‌ನೆಟ್ ವೈರು ಕಿತ್ತ. ಅರಿಶಿನ ಓಡಿತು. ಮತ್ತೆ ಸಿಕ್ಕಿಸಿದ. ಅರಿಶಿನ ತೆವಳಿತು.

“ಕಾಗುಣಿತ ತಿದ್ದೋಕೆ ಹೊರಗಿನ ಗೊಡವೆ ಬೇಕಿಲ್ಲ. ಆದರೂ ದಾರಿ ತೆರೆದಿದ್ದರೆ ಪದಪದಕ್ಕೂ ಇದು ಹೊರಗೆ ಹೋಗಿ ಬರ್ತದೆ. ಜನ ಬರೆಯೋದನ್ನೆಲ್ಲ ಯಾರಿಗೋ ಒಪ್ಪಿಸಿ ಬರ್ತದೆ. ಹಂಗಳದಲ್ಲಿ ದಾರಿಯೇ ಇಲ್ಲ, ಅದಕ್ಕೇ ಓಟ. ಈಗ ಶಾಂತರಾಜು ಕೇಳಿದ ಸೌಲಭ್ಯ ಏನು? ಬರೆಯೋರು ಕಾಯದ ಹಾಗೆ, ಕೆಲಸ ಹಿಂದಿನಿಂದ ನಡೀಲಿ ಅಂತ. ಅದು ಸಿಕ್ಕಿದ್ದರೆ ನಿಧಾನ ಹೋಗ್ತಿತ್ತು, ಕಳ್ಳತನ ಉಳೀತಿತ್ತು. ಈ ಕಳ್ಳನನ್ನು ತೋರಿಸಿಕೊಡ್ತಿದ್ದದ್ದು ಆ ನಿಧಾನ ಒಂದೇ.”

ಸೋಮೇಶ್ ದಡಕ್ಕನೆ ಎದ್ದು ನಿಂತರು.

“ಸುಳ್ಳು!” ಶಾಂತರಾಜು ಕೂಗಿದ. “ಶಶಿನೂ ಬರೀತಾಳೆ ಅದರೊಳಗೆ.”

ಶಶಿರೇಖಾ ಅವನತ್ತ ತಿರುಗಿದಳು.

“ಹಾಗಾದರೆ ಒಂದು ಹೇಳು,” ಎಂದರು ಗುರುಮಲ್ಲಮ್ಮ. “ನಿನ್ನ ತಂಗಿ ಕಾರ್ಡು ಟೈಪ್ ಮಾಡುವಾಗ ನೀಲಿ ವೈರು ಮೊಳೆ ಮೇಲೆ ಯಾಕಿತ್ತು? ಗಿರಾಕಿ ಅರ್ಜಿಗೆ ಮಾತ್ರ ಯಾಕೆ ಸಿಕ್ಕಿಸಿದೆ? ಊರವರ ಮನೆ ಮಾತೆಲ್ಲ ಹೋಗಲಿ, ನಿನ್ನ ಮನೆಯದು ಮಾತ್ರ ಹೋಗಬಾರದು. ಅದು ಗೊತ್ತಿದ್ದವನು ನೀನೊಬ್ಬನೇ.”

ಶಾಂತರಾಜು ಬಾಯಿಬಿಟ್ಟ. “ಒಂದು ಕಂಪನಿಯವರು… ಜನ ಬರೆಯೋ ಕನ್ನಡ ಬೇಕು, ಕೊಟ್ರೆ ದೊಡ್ಡ ಕೆಲ್ಸ ಅಂದ್ರು. ಶಶಿ, ನಿಂಗೂ ಒಂದು ಕುರ್ಚಿ ಕೇಳನ ಅಂತಿದ್ದೆ ಕಣಮ್ಮಿ.”

“ನಮ್ಮವ್ವನ ಆಸ್ಪತ್ರೆ ಅರ್ಜಿಯ ನಿನ್ನ ಅಂಗಡೀಲೇ ಅಲ್ವಾ ಬರೆಸಿದ್ದು?” ಎಂದಳು ಶಶಿರೇಖಾ. “ಆಗ ವೈರು ಎಲ್ಲಿತ್ತಣ್ಣ?”



ಅವಳು ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು. ಪದಗಳನ್ನು ಹೊರಗೆ ಸಾಗಿಸುತ್ತಿದ್ದ ಭಾಗವನ್ನು ಹುಡುಕಿ ಅಳಿಸಿದಳು. ನೋಡಿಕೊಳ್ಳುವವರ ಜಾಗದಿಂದ ಶಾಂತರಾಜು ಎಂಬ ಹೆಸರನ್ನೂ ಅಳಿಸಿದಳು. ಒಪ್ಪಿಗೆ ಬೀಳುವ ತನಕ ಎರಡೂ ಬರೀ ಕರಡು. “ಆ ಸೌಲಭ್ಯ ನಮಗೆ ಬ್ಯಾಡ ಸರ್,” ಎಂದು ಸೋಮೇಶರಿಗೆ ಹೇಳಿ, ಪರದೆಯನ್ನು ಶಾಂತರಾಜುವಿನ ಕಡೆ ತಿರುಗಿಸಿದಳು.

“ಇನ್ನೊಬ್ರು ನೋಡಿ ಒಪ್ದೆ ಏನೂ ಒಳಕ್ಕೆ ಓಗಂಗಿಲ್ಲ. ನಾವಿಬ್ರೂ ಮಾಡ್ಕಂಡ ಕಟ್ಟು. ನೋಡಣ್ಣ. ನೋಡಿ ‘ಒಪ್ಪಿಗೆ’ ಒತ್ತು.”

ಆ ಬೆರಳು ಕೆಳಗಿಳಿಯಲು ತೆಗೆದುಕೊಂಡ ಹೊತ್ತಿನ ಮುಂದೆ ಅರಿಶಿನದ ನಿಧಾನ ಏನೇನೂ ಅಲ್ಲ ಎಂದು ಶಂಕರ ಇಂದಿಗೂ ಹೇಳುತ್ತಾನೆ. ಅವನ ಮಾತುಗಳಲ್ಲಿ ಇದೊಂದನ್ನು ಮಾತ್ರ, ಅಲ್ಲಿದ್ದ ಯಾರೂ ಉತ್ಪ್ರೇಕ್ಷೆ ಎಂದಿಲ್ಲ.