ಬೆನ್ನು ತಟ್ಟಿದ ಸದ್ದು

ಹಳೆಯ ಕಂಪ್ಯೂಟರ್ ಚುರುಕಾದರೆ ಅಪ್ಪನನ್ನು ಮರೆತುಬಿಡುತ್ತೇನೇನೋ ಎಂಬ ಅಳುಕನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಪ್ಪ ಇದ್ದಾಗ, ಗೇಮ್ ನಡುವೆ ನಿಂತುಬಿಟ್ಟರೆ, ಮಲಗಿದ ಹಸುವನ್ನು ಎಬ್ಬಿಸುವಂತೆ ಸಿಪಿಯು ಬೆನ್ನಿಗೆ ತಟ್ಟುತ್ತಿದ್ದರು. "ಏಳವ್ವ, ನಮ್ ಮಗು ಆಡ್ಬೇಕಂತೆ."

ಅವರು ತೀರಿಕೊಂಡ ಮರುವರ್ಷ ಕಂಪ್ಯೂಟರ್ ಚುರುಕಾಗಲೆಂದು ಮಧುಗಿರಿಯ ಅಂಗಡಿಯಲ್ಲಿ ಹೊಸ ರ‍್ಯಾಮ್ ಹಾಕಿಸಿಕೊಂಡು ಬಂದೆ. ಮಧ್ಯಾಹ್ನ ಆಡಲು ಕುಳಿತರೆ ಗೇಮ್ ಒಮ್ಮೆಯೂ ನಿಲ್ಲಲಿಲ್ಲ. ಆದರೂ ಸಿಪಿಯು ಬೆನ್ನಿನಿಂದ ಟಪ್ ಟಪ್ ಎಂದು ಕೇಳಿತು. ಮುಟ್ಟಿದೆ. ತಗಡೆಲ್ಲ ತಣ್ಣಗಿತ್ತು, ಅಂಗೈಯಗಲ ಮಾತ್ರ ಬೆಚ್ಚಗಿತ್ತು. ಮತ್ತೆ ಆಡತೊಡಗಿದೆ. ಮತ್ತೆ ಅದೇ ಸದ್ದು.

ಅಡುಗೆಮನೆಯಿಂದ ಅಮ್ಮ ಕೂಗಿದಳು: "ರಿಪೇರಿ ಮಾಡ್ಸಿದ್ರೂ ಇನ್ನೂ ತಟ್ತಾನೇ ಇದೀಯಲ್ಲೇ. ನಿಮ್ಮಪ್ಪನ ಚಾಳಿ ನಿಂಗೂ ಬಂತು ಬುಡು."

ನನ್ನ ಎರಡೂ ಕೈ ಕೀಬೋರ್ಡಿನ ಮೇಲಿದ್ದವು.

"ತಟ್ತಾ ಇರೋದು ನಾನಲ್ಲ ಕಣಮ್ಮ," ಅಂದೆ.