ಮೂಲೆಯ ಕೆಂಪು ಗಂಟು

ಹಳೆಯದನ್ನು ಹೊಸದೆಂದು ಮಾರುವುದು ಕಳ್ಳತನವೇ ಸರಿ ಎಂದು ಜೀವನವಿಡೀ ಶಾಲೆಯಲ್ಲಿ ಬೋಧಿಸಿದವಳು ನಾನು. ಆದ್ದರಿಂದ ಒಂದು ದೊಡ್ಡ ಅಂಗಡಿಯ ರಿಯಾಯಿತಿ ಮಾರಾಟದಲ್ಲಿ ನಡೆದದ್ದನ್ನು ಒಂದಕ್ಷರ ಕೂಡಿಸದೆ ಹೇಳುತ್ತೇನೆ.

ಮಗಳ ಹೊಸ ಮನೆಗೆ ಬೆಡ್‌ಶೀಟು, ಗಾಜಿನ ಲೋಟ ಕೊಳ್ಳಲು ನಾನೂ ಅವಳೂ ಹೋಗಿದ್ದೆವು. ಮೊದಲು ತೆರೆಸಿದ ಪೆಟ್ಟಿಗೆಯಲ್ಲಿ ಒಂದು ಲೋಟದೊಳಗೆ ಮಾತ್ರ ಯಾರೋ ಈಗಷ್ಟೇ ಉಸಿರು ಬಿಟ್ಟಂತೆ ಮಬ್ಬು ಕವಿದಿತ್ತು. ಒರೆಸಿದರೆ ಮತ್ತೆ ಕವಿಯಿತು. ಆಮೇಲೆ ನಾನೇ ಸೀಲು ಒಡೆದು ಬಿಡಿಸಿದ ಬೆಡ್‌ಶೀಟಿನ ನಡುಭಾಗ ಬೆಚ್ಚಗಿತ್ತು; ಮೂಲೆಯಲ್ಲಿ ಕೆಂಪು ದಾರದ ಗಂಟಿತ್ತು.

“ಯಾರೋ ಮಲಗಿ ಎದ್ದಿದ್ದನ್ನ ನಮ್ಮ ತಲೆಗೆ ಕಟ್ತೀರಾ? ನಾಚಿಕೆ ಆಗಲ್ವಾ?” ಎಂದು ಗದರಿದೆ.

“ಮೇಡಂ, ಸೀಲು ಒಡೆದೋರು ನೀವೇ ಅಲ್ವಾ?” ಎಂದ ಮಾರಾಟಗಾರ ಇನ್ನೊಂದನ್ನು ಬಿಡಿಸಿದ. ಅದರಲ್ಲೂ ಅದೇ ಮೂಲೆಗೆ ಗಂಟು.

“ಅಮ್ಮಾ, ಇಲ್ಲೂ ಪಾಠ ಶುರು ಮಾಡಿದ್ಯಾ?” ಎಂದು ನಗುತ್ತ ಬಂದ ಮಗಳು ಬಗ್ಗಿ ಗಂಟನ್ನು ಮುಟ್ಟಿ ನೋಡಿದಳು. “ಇದು ಅಜ್ಜಿ ಹಾಕೋ ಗಂಟು.”

ಕಾಲಿನ ಬದಿ ತಲೆಗೆ ಬರಬಾರದೆಂದು ನನ್ನ ಅತ್ತೆ ಮನೆಯ ಪ್ರತಿಯೊಂದು ಬೆಡ್‌ಶೀಟಿನ ತಲೆಬದಿಗೂ ಹಾಗೆ ಹೊಲಿಯುತ್ತಿದ್ದರು. ಮೊಮ್ಮಗಳ ಹೊಸ ಮನೆಯ ಬೆಡ್‌ಶೀಟುಗಳಿಗೂ ತಾವೇ ಹಾಕಿಕೊಡುವುದಾಗಿ ಮಾತು ಕೊಟ್ಟಿದ್ದರು; ಅಷ್ಟರಲ್ಲಿ ತೀರಿಕೊಂಡರು.

“ನಂಗೆ ಇದೇ ಬೇಕು,” ಎಂದು ಮಗಳು ಅದನ್ನು ಎದೆಗವಚಿಕೊಂಡಳು. ನಾನು ಅದನ್ನು ಕಿತ್ತು ಅಲ್ಲೇ ಹಾಕಿ, ಅವಳ ಕೈ ಹಿಡಿದು ಹೊರಗೆ ಎಳೆತಂದೆ. ಏನನ್ನೂ ಕೊಳ್ಳಲಿಲ್ಲ.

ಮನೆಗೆ ಬಂದವಳೇ ಬೀರು ತೆರೆದೆ. ಅತ್ತೆ ಗಂಟು ಹಾಕಿದ್ದ ಯಾವ ಬೆಡ್‌ಶೀಟಿನಲ್ಲೂ ಈಗ ಗಂಟಿರಲಿಲ್ಲ; ಸೂಜಿಯ ತೂತುಗಳಷ್ಟೇ ಉಳಿದಿದ್ದವು. ಮುಟ್ಟಿ ನೋಡಿದೆ. ಆ ಮೂಲೆಗಳು ತಣ್ಣಗೆ ಕೊರೆಯುತ್ತಿದ್ದವು.